ಬೀದರ್‌ನ ಸೌರ ಮತ್ತು ಪವನ ಶಕ್ತಿ: ಸಾಮರ್ಥ್ಯದ ಅಂದಾಜು

ಸೌರಶಕ್ತಿ: ಸೌರ ವಿಕಿರಣ, ಬಂಜರು ಭೂಮಿ ಮತ್ತು ವಿದ್ಯುತ್ ಜಾಲದ ಲಭ್ಯತೆ ಅಂದಾಜಿನ ಆಧಾರಗಳು. ಬಂಜರು ಭೂಮಿಯ ಶೇ 3ರಷ್ಟನ್ನು ಬಳಸಿದರೆ ಭಾರತದ ಸಾಮರ್ಥ್ಯ ಸುಮಾರು 749 ಗಿಗಾವಾಟ್ ಎಂದು ಹಿಂದೆ ಅಂದಾಜಿಸಲಾಗಿತ್ತು. ಅದರಲ್ಲಿ ಕರ್ನಾಟಕದ ಪಾಲು 24.7 ಗಿಗಾವಾಟ್ ಆಗಿತ್ತು. ಬೀದರ್, ಭಾಲ್ಕಿ, ಔರಾದ್ ದಖ್ಖನ್ ಪ್ರಸ್ಥಭೂಮಿಯಲ್ಲಿ, 18 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಬೇಸಿಗೆಯಲ್ಲಿ ಬಿಸಿಲು ಹೇರಳ. ಮುಂಗಾರಿನ ಮೋಡ ಉತ್ಪಾದನೆಯನ್ನು ತಗ್ಗಿಸುತ್ತದೆ. ಬೀದರ್‌ಗೆ 2,500 ಮೆಗಾವಾಟ್‌ನ ಸೌರ ವಲಯ ಯೋಜಿತವಾಗಿದೆ.

ಪವನ ಶಕ್ತಿ: ಗಾಳಿಯ ವೇಗ ದುಪ್ಪಟ್ಟಾದರೆ ಅದರಲ್ಲಿನ ಶಕ್ತಿ ಎಂಟು ಪಟ್ಟಾಗುತ್ತದೆ; ಎತ್ತರ ಹೆಚ್ಚಿದಂತೆ ವೇಗವೂ ಹೆಚ್ಚುವುದರಿಂದ ಅಳತೆಯ ಎತ್ತರ ಮುಖ್ಯ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಪ್ರಕಾರ ಕರ್ನಾಟಕದ ಸಾಮರ್ಥ್ಯ 100 ಮೀಟರ್ ಎತ್ತರದಲ್ಲಿ ಸುಮಾರು 56 ಗಿಗಾವಾಟ್, 120 ಮೀಟರ್‌ನಲ್ಲಿ ಸುಮಾರು 124 ಗಿಗಾವಾಟ್. ಮುಂಗಾರಿನಲ್ಲಿ ಗಾಳಿ ಬಲವಾಗುವುದರಿಂದ ಎರಡೂ ಮೂಲಗಳು ಪರಸ್ಪರ ಪೂರಕ.