ಉಚಿತ ವಿದ್ಯುತ್ತೂ ಬತ್ತುವ ಬಾವಿಯೂ

ಜನರ ಆರ್ಥಿಕ ವ್ಯವಹಾರಗಳನ್ನು ಒಂದು ದಿಕ್ಕಿಗೆ ತಿರುಗಿಸಲು ಸರಕಾರವು ಬಳಸುವ ಸಾಧನಗಳಲ್ಲಿ ಎರಡು ಮುಖ್ಯವಾದುವು: ಒಂದು ಸಹಾಯಧನ, ಇನ್ನೊಂದು ಕಟ್ಟಳೆ. ಸಹಾಯಧನವು ಒಂದು ಕಾರ್ಯವನ್ನು ಸುಲಭಗೊಳಿಸುತ್ತದೆ. ಕಟ್ಟಳೆಯು ಅದಕ್ಕೆ ಎಲ್ಲೆಯನ್ನು ವಿಧಿಸುತ್ತದೆ. ಇವೆರಡೂ ಒಂದಕ್ಕೊಂದು ಹೊಂದದಿದ್ದರೆ ಏನಾಗುವುದೆಂಬುದನ್ನು ನಮ್ಮ ನಾಡಿನ ಕೊಳವೆ ಬಾವಿಗಳ ನಿದರ್ಶನದಿಂದ ಪರಿಶೀಲಿಸೋಣ.

ಮೊದಲು ಸ್ವಲ್ಪ ಭೌತಶಾಸ್ತ್ರ. ಒಂದು ಸಾವಿರ ಲೀಟರ್ ನೀರಿನ ರಾಶಿ 1,000 ಕಿಲೋಗ್ರಾಂ. ಅದನ್ನು 20 ಮೀಟರ್ ಮೇಲೆತ್ತಲು ಸುಮಾರು 1,96,000 ಜೂಲ್ ಶಕ್ತಿ ಬೇಕು. ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್. ಆದುದರಿಂದ ಇದು ಯೂನಿಟ್ಟಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ನೀರಿನ ಮಟ್ಟ 300 ಮೀಟರಿಗೆ ಇಳಿದರೆ ಬೇಕಾಗುವ ಶಕ್ತಿ 15 ಪಟ್ಟಾಗುತ್ತದೆ. ಪಂಪು ತಾನು ಪಡೆದ ಶಕ್ತಿಯಲ್ಲಿ ನೂರಕ್ಕೆ 40 ಭಾಗವನ್ನು ಮಾತ್ರ ಸದುಪಯೋಗ ಮಾಡುವುದಾದರೆ, ಅದೇ ನೀರಿಗೆ ಸುಮಾರು 2 ಯೂನಿಟ್ ವೆಚ್ಚವಾಗುತ್ತದೆ.

ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತನ್ನು ಉಚಿತವಾಗಿ ಕೊಡಲಾಗುತ್ತಿದೆ. ಇದಕ್ಕೆ ನ್ಯಾಯವಾದ ಕಾರಣವುಂಟು. ಕಾಲುವೆಯ ರೈತನಿಗೆ ಅಣೆಕಟ್ಟು, ನಾಲೆಗಳನ್ನು ಸಾರ್ವಜನಿಕರ ಹಣದಿಂದ ಕಟ್ಟಿಕೊಟ್ಟಿದೆ. ಒಣಭೂಮಿಯ ರೈತನಾದರೋ ಸಾಲಮಾಡಿ ತಾನೇ ಬಾವಿ ಕೊರೆಯಿಸಬೇಕು. ಅವನಿಗೂ ಆಸರೆ ಬೇಡವೆ?

ಆದರೆ ತೊಡಕಿರುವುದು ಆಸರೆಯಲ್ಲಲ್ಲ, ಅದರ ರೂಪದಲ್ಲಿ. ಒಂದು ಗಂಟೆ ಹೆಚ್ಚಾಗಿ ಪಂಪು ಓಡಿಸಿದರೂ ರೈತನಿಗೆ ವೆಚ್ಚವಿಲ್ಲ. ಮಿತವ್ಯಯದ ಪಂಪನ್ನು ಕೊಂಡರೂ ವಿದ್ಯುತ್ತಿನ ಲೆಕ್ಕದಲ್ಲಿ ಲಾಭವಿಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳಂಥ ಗಟ್ಟಿಬಂಡೆಯ ಸೀಮೆಯಲ್ಲಿ ನೀರು ನಿಲ್ಲುವುದು ಶಿಲೆಯ ಬಿರುಕುಗಳಲ್ಲಿ ಮಾತ್ರ. ಮಳೆ ತುಂಬುವುದಕ್ಕಿಂತ ಹೆಚ್ಚು ತೆಗೆದರೆ ಮಟ್ಟ ಇಳಿಯುತ್ತದೆ. ಇಳಿದಷ್ಟೂ ವಿದ್ಯುತ್ತು ಹೆಚ್ಚು ಬೇಕಾಗುತ್ತದೆ. ವಿದ್ಯುತ್ತು ಉಚಿತವಾದರೂ ಹೊಸ ಬಾವಿ ಕೊರೆಯುವುದು ಉಚಿತವಲ್ಲ. ಅದಕ್ಕೆ ಶಕ್ತಿಯಿಲ್ಲದ ಬಡ ರೈತನ ಬಾವಿಯೇ ಮೊದಲು ಬತ್ತುತ್ತದೆ.

ಇಲ್ಲಿ ಕಟ್ಟಳೆಯು ಏನು ಮಾಡಬಲ್ಲದು? 2003ರ ವಿದ್ಯುಚ್ಛಕ್ತಿ ಕಾಯಿದೆಯ 65ನೆಯ ಪ್ರಕರಣದಂತೆ, ರಾಜ್ಯಸರಕಾರವು ದರದಲ್ಲಿ ರಿಯಾಯಿತಿ ಕೊಡಿಸಿದರೆ ಆ ಮೊತ್ತವನ್ನು ಮುಂಗಡವಾಗಿ ಸಲ್ಲಿಸಬೇಕು. ಆದರೆ ಮೀಟರಿಲ್ಲದ ಪಂಪಿನ ಬಳಕೆಯನ್ನು ಅಂದಾಜುಮಾಡಬೇಕೇ ಹೊರತು ಅಳೆಯಲಾಗದು. ಕರ್ನಾಟಕದ 2011ರ ಅಂತರ್ಜಲ ಕಾಯಿದೆಯು ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿ ಪಡೆಯಬೇಕೆನ್ನುತ್ತದೆ. ಒಂದು ಕೈ ನೀರೆತ್ತುವುದನ್ನು ಪ್ರೋತ್ಸಾಹಿಸುತ್ತಿರುವಾಗ ಇನ್ನೊಂದು ಕೈ ಅದನ್ನು ತಡೆಯುವುದು ಸುಲಭವಲ್ಲ.

ಗುಜರಾತು 2003ರಲ್ಲಿ ಬೇರೊಂದು ಮಾರ್ಗವನ್ನು ಹಿಡಿಯಿತು. ಜ್ಯೋತಿಗ್ರಾಮ ಯೋಜನೆಯಲ್ಲಿ ಹಳ್ಳಿಯ ಮನೆಗಳಿಗೂ ಪಂಪುಗಳಿಗೂ ಬೇರೆ ಬೇರೆ ತಂತಿಮಾರ್ಗಗಳನ್ನು ಎಳೆಯಲಾಯಿತು. ಮನೆಗಳಿಗೆ ದಿನವಿಡೀ ವಿದ್ಯುತ್ತು. ಪಂಪುಗಳಿಗೆ ಎಂಟು ಗಂಟೆ ಮಾತ್ರ, ಆದರೆ ಗೊತ್ತಾದ ವೇಳೆಯಲ್ಲಿ, ಪೂರ್ಣ ಬಲದಿಂದ. ಸಹಾಯಧನ ಉಳಿಯಿತು, ಅದಕ್ಕೊಂದು ಎಲ್ಲೆಯೂ ಏರ್ಪಟ್ಟಿತು. ಆದರೂ ಸ್ವಂತ ಬಾವಿಯಿಲ್ಲದೆ ನೆರೆಯವರಿಂದ ನೀರು ಕೊಳ್ಳುತ್ತಿದ್ದ ಸಣ್ಣ ರೈತರಿಗೆ ಇದರಿಂದ ತೊಂದರೆಯಾಯಿತು. ಯಾವ ಕಟ್ಟಳೆಯ ಭಾರವೂ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ.

ಇದರಿಂದ ನಾವು ಗ್ರಹಿಸಬೇಕಾದ ತತ್ವವಿಷ್ಟೆ. ವ್ಯಕ್ತಿಗೆ ಕೊಡುವ ನೆರವು ಬೇರೆ, ಬಳಸಿದ ಪ್ರತಿಯೊಂದು ಯೂನಿಟ್ಟಿಗೆ ಕೊಡುವ ನೆರವು ಬೇರೆ. ರೈತನಿಗೆ ನಿಶ್ಚಿತ ಮೊತ್ತವನ್ನು ಕೊಟ್ಟು, ಉಳಿಸಿದ ವಿದ್ಯುತ್ತಿನ ಲಾಭ ಅವನಿಗೇ ಸೇರುವಂತೆ ಮಾಡಿದರೆ, ನೆರವೂ ನಿಲ್ಲುವುದಿಲ್ಲ, ಉಳಿತಾಯಕ್ಕೂ ಕಾರಣ ದೊರೆಯುತ್ತದೆ. ಅಳತೆಯಿಲ್ಲದೆ ಇದು ಸಾಧ್ಯವಿಲ್ಲ. ವಿಜ್ಞಾನದಲ್ಲಿರುವಂತೆ ರಾಜ್ಯನೀತಿಯಲ್ಲಿಯೂ ಅಳತೆಯೇ ಮೊದಲ ಹೆಜ್ಜೆ.