ಎಮ್ಡನ್ ನೌಕೆಯ ನಾಯಕ

ಶತ್ರುವಿನ ಭಯಕ್ಕೆ ಪಾತ್ರರಾದ ಸೇನಾನಿಗಳು ಅನೇಕರು. ಶತ್ರುವಿನ ಗೌರವಕ್ಕೂ ಪಾತ್ರರಾದವರು ವಿರಳ. ಮೊದಲನೆಯ ಮಹಾಯುದ್ಧದಲ್ಲಿ ಹಿಂದೂ ಮಹಾಸಾಗರವನ್ನು ತಲ್ಲಣಗೊಳಿಸಿದ ಜರ್ಮನ್ ನೌಕಾಧಿಕಾರಿ ಕಾರ್ಲ್ ಫಾನ್ ಮುಲ್ಲರ್ ಅಂತಹ ವಿರಳರಲ್ಲಿ ಒಬ್ಬನು.

ಮುಲ್ಲರ್ 1873ರ ಜೂನ್ 16ರಂದು ಹ್ಯಾನೋವರ್ ನಗರದಲ್ಲಿ ಜನಿಸಿದನು. ತಂದೆ ಭೂಸೇನೆಯ ಅಧಿಕಾರಿ; ಮಗನು ಒಲಿದದ್ದು ಕಡಲಿಗೆ. 1891ರಲ್ಲಿ ಅವನು ನೌಕಾಪಡೆಯನ್ನು ಸೇರಿದನು. ಪೂರ್ವ ಆಫ್ರಿಕದ ತೀರದಲ್ಲಿ ಸೇವೆಯಲ್ಲಿದ್ದಾಗ ಅಂಟಿದ ಮಲೇರಿಯ ಜೀವನಪರ್ಯಂತ ಅವನನ್ನು ಕಾಡಿತು. 1913ರಲ್ಲಿ ಎಮ್ಡನ್ ಎಂಬ ಲಘು ಯುದ್ಧನೌಕೆಯ ನಾಯಕತ್ವ ಅವನಿಗೆ ದೊರೆಯಿತು.

1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ಪೂರ್ವದೇಶಗಳ ಕಡಲಿನಲ್ಲಿದ್ದ ಜರ್ಮನ್ ನೌಕಾದಳವು ಪೆಸಿಫಿಕ್ ಸಾಗರವನ್ನು ದಾಟಿಹೋಗಲು ನಿರ್ಧರಿಸಿತು. ಮುಲ್ಲರ್ ಮಾತ್ರ ಹಿಂದೂ ಮಹಾಸಾಗರಕ್ಕೆ ಒಂಟಿಯಾಗಿ ಹೋಗಲು ಅನುಮತಿ ಬೇಡಿ ಪಡೆದನು. ಎಮ್ಡನ್‌ಗೆ ಇದ್ದ ಹೊಗೆಕೊಳವೆಗಳು ಮೂರು. ಬ್ರಿಟಿಷ್ ನೌಕೆಯಂತೆ ತೋರಲೆಂದು ನಾವಿಕರು ಹುಸಿಯಾದ ನಾಲ್ಕನೆಯ ಕೊಳವೆಯೊಂದನ್ನು ನಿರ್ಮಿಸಿ ನಿಲ್ಲಿಸಿದರು. ಮೂರು ತಿಂಗಳೊಳಗಾಗಿ ಇಪ್ಪತ್ತಕ್ಕೂ ಹೆಚ್ಚು ವಾಣಿಜ್ಯ ಹಡಗುಗಳು ಅವನ ಕೈಸೇರಿದವು. ಹಡಗನ್ನು ಮುಳುಗಿಸುವ ಮೊದಲು ಅದರಲ್ಲಿದ್ದವರನ್ನೆಲ್ಲ ಇಳಿಸಿಕೊಳ್ಳುವುದು ಅವನ ನಿಯಮವಾಗಿತ್ತು. ಸೆರೆಸಿಕ್ಕವರನ್ನು ಒಂದು ಹಡಗಿನಲ್ಲಿ ತುಂಬಿ ಬಿಡುಗಡೆ ಮಾಡಿದಾಗ, ಅವರೇ ತಮ್ಮನ್ನು ಸೆರೆಹಿಡಿದವನಿಗೆ ಜಯಘೋಷ ಮಾಡಿ ಬೀಳ್ಕೊಂಡರು.

ಆದರೆ ಯುದ್ಧವು ಯಾರ ಕೈಯನ್ನೂ ರಕ್ತದಿಂದ ದೂರವಿರಿಸುವುದಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡನ್ ಮದರಾಸಿನ ಬಂದರಿನ ಮೇಲೆ ಗುಂಡಿನ ಮಳೆಗರೆಯಿತು. ತೈಲದ ತೊಟ್ಟಿಗಳು ಹೊತ್ತಿ ಉರಿದವು. ಕೆಲವರು ಪ್ರಾಣ ಕಳೆದುಕೊಂಡರು. ಭಯಗೊಂಡ ಜನರು ನಗರವನ್ನು ತೊರೆದು ಒಳನಾಡಿಗೆ ಧಾವಿಸಿದರು. ತಮಿಳಿನಲ್ಲಿ ‘ಎಮ್ಡನ್’ ಎಂಬುದು ಎದೆಗಾರಿಕೆಯ ಚತುರನಿಗೆ ಹೆಸರಾಗಿ ಉಳಿಯಿತು. ಅಕ್ಟೋಬರ್ 28ರಂದು ಪೆನಾಂಗ್ ಬಂದರಿನ ಬಳಿ ಒಂದು ರಷ್ಯನ್ ಮತ್ತು ಒಂದು ಫ್ರೆಂಚ್ ಯುದ್ಧನೌಕೆಗಳು ಅವನ ದಾಳಿಗೆ ತುತ್ತಾದವು. ಅಲ್ಲಿಯೂ ಅವನು ನೀರಿಗೆ ಬಿದ್ದ ಫ್ರೆಂಚ್ ನಾವಿಕರನ್ನು ಮೇಲೆತ್ತಿಸಿ, ಗಾಯಗೊಂಡವರಿಗೆ ಚಿಕಿತ್ಸೆ ಮಾಡಿಸಿದನು.

ನವೆಂಬರ್ 9ರಂದು ಕೋಕೋಸ್ ದ್ವೀಪಗಳ ತಂತಿ ಕೇಂದ್ರವನ್ನು ನಾಶಪಡಿಸಲು ಹೋದಾಗ, ಆಸ್ಟ್ರೇಲಿಯದ ಸಿಡ್ನಿ ನೌಕೆ ಎದುರಾಯಿತು. ಅದರ ಫಿರಂಗಿಗಳು ಹೆಚ್ಚು ದೊಡ್ಡವು, ಹೆಚ್ಚು ದೂರ ಹಾರಿಸಬಲ್ಲವು. ಎಮ್ಡನ್ ಛಿದ್ರವಾಯಿತು. ಉಳಿದವರಾದರೂ ಮುಳುಗಿ ಸಾಯದಿರಲೆಂದು ಮುಲ್ಲರ್ ನೌಕೆಯನ್ನು ಹವಳದ ದಿಬ್ಬಕ್ಕೆ ಹತ್ತಿಸಿದನು. ಅವನ ನೂರಕ್ಕೂ ಹೆಚ್ಚು ನಾವಿಕರು ಆ ದಿನ ಮಡಿದರು. ಸೆರೆಹಿಡಿದ ಶತ್ರುಗಳೇ ಅವನ ಖಡ್ಗವನ್ನು ಅವನಲ್ಲಿಯೇ ಉಳಿಸಿ ಗೌರವ ತೋರಿದರು.

ಮಾಲ್ಟದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅವನು ಸೆರೆವಾಸ ಅನುಭವಿಸಿದನು. 1917ರಲ್ಲಿ ಸಂಗಡಿಗರೊಡನೆ ಸುರಂಗದ ಮೂಲಕ ತಪ್ಪಿಸಿಕೊಂಡು ಮತ್ತೆ ಸಿಕ್ಕಿಬಿದ್ದನು. 1918ರಲ್ಲಿ ಜರ್ಮನಿಯ ಅತ್ಯುನ್ನತ ಸೇನಾ ಪದಕ ಅವನಿಗೆ ಸಂದಿತು. ಮರುವರ್ಷ ಅನಾರೋಗ್ಯದ ನಿಮಿತ್ತ ನಿವೃತ್ತನಾದನು. ತನ್ನ ಸಾಹಸಗಳನ್ನು ಕುರಿತು ಗ್ರಂಥ ಬರೆಯಲು ಅವನು ಒಪ್ಪಲಿಲ್ಲ. ಮಡಿದ ಒಡನಾಡಿಗಳ ರಕ್ತವನ್ನು ಹಣವಾಗಿಸಿಕೊಂಡಂತಾದೀತೆಂದು ಅವನ ಮನಸ್ಸು ಹಿಂಜರಿಯಿತು. 1923ರ ಮಾರ್ಚ್ 11ರಂದು, ಐವತ್ತು ತುಂಬುವ ಮೊದಲೇ, ಮುಲ್ಲರ್ ತೀರಿಕೊಂಡನು.

ಅವನು ಮುಳುಗಿಸಿದ ಹಡಗುಗಳ ಲೆಕ್ಕವನ್ನು ಯುದ್ಧದ ಇತಿಹಾಸವು ಬರೆದಿಟ್ಟಿದೆ. ಅವುಗಳಿಂದ ಇಳಿದು ಸುರಕ್ಷಿತವಾಗಿ ಮನೆ ಸೇರಿದ ನಾವಿಕರ ಲೆಕ್ಕವನ್ನೂ ಅದರ ಪಕ್ಕದಲ್ಲಿಟ್ಟು ನೋಡಿದಾಗಲೇ ಮುಲ್ಲರನ ವ್ಯಕ್ತಿತ್ವ ನಮಗೆ ಪೂರ್ಣವಾಗಿ ಗೋಚರಿಸುತ್ತದೆ.