ಪರೀಕ್ಷೆಯ ದಿನಗಳು ಮತ್ತು ಮಕ್ಕಳ ನಿದ್ರೆ

ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿದಂತೆ, ಸ್ಮರಣಶಕ್ತಿಯ ಔಷಧಿ ಕೇಳಿಕೊಂಡು ಪಾಲಕರು ವೈದ್ಯರಲ್ಲಿಗೆ ಬರುವುದು ವಾಡಿಕೆ. ಸಾರಸ್ವತಾರಿಷ್ಟವನ್ನು ಬರೆದುಕೊಡುವುದು ಸುಲಭ. ಆದರೆ ಮಗು ಎಷ್ಟು ಹೊತ್ತು ಮಲಗುತ್ತದೆ ಎಂಬುದನ್ನು ಮೊದಲು ಕೇಳಬೇಕಾಗುತ್ತದೆ. ರಾತ್ರಿ 12ರವರೆಗೆ ಓದಿ ನಸುಕಿನ 4ಕ್ಕೆ ಏಳುತ್ತದೆ ಎಂದು ಹೆಮ್ಮೆಯಿಂದಲೇ ಹೇಳುವವರುಂಟು.

ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಚರಕಾಚಾರ್ಯರು ಶರೀರದ ಮೂರು ಉಪಸ್ತಂಭಗಳೆಂದಿದ್ದಾರೆ. ಜ್ಞಾನವೂ ನಿದ್ರೆಗೆ ಅಧೀನವೆಂಬುದು ಅವರ ಮತ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆ ಬೇಕೆಂದು ಆಧುನಿಕ ವೈದ್ಯಶಾಸ್ತ್ರವೂ ಒಪ್ಪುತ್ತದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆಗಳ ನಿದ್ರೆಯನ್ನು ಅದು ವಿಧಿಸುತ್ತದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ವಾಗ್ಭಟಾಚಾರ್ಯರು ಹೇಳಿದ್ದು ಸ್ವಸ್ಥರಿಗೆ, ಅದೂ ಆಯುಷ್ಯದ ರಕ್ಷಣೆಗಾಗಿ. ತಡವಾಗಿ ಮಲಗಿದ ಮಗುವನ್ನು ಆ ಮಾತಿನ ಬಲದಿಂದ ಎಬ್ಬಿಸುವುದು ಶಾಸ್ತ್ರಪಾಲನೆಯಲ್ಲ.

ಬೆಳಗಿನ 5ಕ್ಕೆ ಏಳಬೇಕಾದ ಮಗು ರಾತ್ರಿ 9ಕ್ಕೆ ಮಲಗಲಿ. ಊಟ ಅದಕ್ಕೂ ಸಾಕಷ್ಟು ಮೊದಲೇ ಮುಗಿಯಲಿ. ಸಂಜೆಯ ನಂತರ ಚಹಾ ಬೇಡ. ಮೊಬೈಲು ಕೋಣೆಯ ಹೊರಗಿರಲಿ. ಹಿರಿಯರ ಧಾರಾವಾಹಿಯೂ ಅದೇ ಹೊತ್ತಿಗೆ ನಿಲ್ಲಬೇಕು, ಇದಕ್ಕೆ ಒಪ್ಪುವವರು ವಿರಳ! ಇಷ್ಟಾದರೂ ಎರಡು ವಾರ ಮೀರಿ ಮಗು ಮಂಕಾಗಿ, ಊಟ ತಗ್ಗಿಸಿ, ಮಾತು ಬಿಟ್ಟಿದ್ದರೆ ಸೋಮಾರಿತನವೆಂದು ಗದರಿಸದೆ ವೈದ್ಯರಿಗೆ ತೋರಿಸಿರಿ.